ಹಳೆಯ ಏರ್‌ಗನ್ನಿಗೆ ಎಷ್ಟು ಎಣ್ಣೆ?

ನಮ್ಮಲ್ಲಿ ಕೆಲವರ ಮನೆಗಳಲ್ಲಿ ಹಿರಿಯರ ಕಾಲದ ಡಯಾನಾ ಅಥವಾ ಬಿ.ಎಸ್.ಎ. ಏರ್‌ಗನ್ ಇನ್ನೂ ಇದೆ. ಮಳೆಗಾಲ ಕಳೆದ ಮೇಲೆ ನಾವು ನಮ್ಮದಕ್ಕೆ ಹೊಲಿಗೆ ಯಂತ್ರದ ಎಣ್ಣೆಯನ್ನು ಧಾರಾಳವಾಗಿ ಸುರಿದೆವು. ಹೊಡೆದಾಗ ದೊಡ್ಡ ಸದ್ದು, ನಳಿಗೆಯಲ್ಲಿ ಹೊಗೆ! ಬಲ ಹೆಚ್ಚಿತೆಂದು ಹಿಗ್ಗಿದ ವಾರದಲ್ಲೇ ಸ್ಪ್ರಿಂಗ್ ತುಂಡಾಯಿತು. ಪಿಸ್ಟನ್ ಒತ್ತಿದ ಗಾಳಿ ಕಾದು, ಡೀಸೆಲ್ ಎಂಜಿನ್ನಿನಲ್ಲಿ ಆಗುವಂತೆ ಎಣ್ಣೆ ಹೊತ್ತಿಕೊಂಡಿತ್ತು.

ಚರ್ಮದ ವಾಷರ್ ಒಣಗಿದರೆ ಗಾಳಿ ಸೋರುತ್ತದೆ, ನಿಜ. ಅದಕ್ಕೆ ಗಾಳಿರಂಧ್ರದಲ್ಲಿ ಎರಡು ಹನಿ ಸಿಲಿಕೋನ್ ಎಣ್ಣೆ ಬಿಟ್ಟು, ನಳಿಗೆ ಮೇಲಾಗಿ ರಾತ್ರಿಯಿಡೀ ನಿಲ್ಲಿಸಿದರೆ ಸಾಕು. ಸ್ಪ್ರಿಂಗಿಗೆ ತೆಳ್ಳಗೆ ಮಾಲಿಬ್ಡಿನಮ್ ಗ್ರೀಸ್. ಯಂತ್ರದೆಣ್ಣೆ ಹೊರಗಿನ ಕೀಲುಗಳಿಗೆ ಮಾತ್ರ.

ಗುಂಡಿಲ್ಲದೆ ಹೊಡೆಯಬೇಡಿ, ಸ್ಪ್ರಿಂಗ್ ಎಳೆದು ಇಡಬೇಡಿ. ಕ್ಲ್ಯಾಂಪಿಲ್ಲದೆ ಬಿಚ್ಚಲೇಬೇಡಿ. ಬಿಗಿದ ಸ್ಪ್ರಿಂಗ್ ಚಿಮ್ಮಿದರೆ ಹೋಗುವುದು ಕಣ್ಣು.