ಜೀನ್ಸೋ, ಟ್ರ್ಯಾಕ್ ಪ್ಯಾಂಟೋ?

ಡೊಂಬಿವಲಿಯಿಂದ ಬೆಳಿಗ್ಗೆ ಹೊರಡುವ ಲೋಕಲ್‌ನ ಮಹಿಳಾ ಡಬ್ಬಿಯಲ್ಲಿ 19 ವರ್ಷಗಳಿಂದ ಓಡಾಡುತ್ತಿದ್ದೇನೆ. ನಾನು ಬಂದ ಹೊಸದರಲ್ಲಿ ಅಲ್ಲಿ ಸೀರೆ, ಸಲ್ವಾರ್ ಕಮೀಜುಗಳದೇ ರಾಜ್ಯ. ಆಮೇಲೆ ಜೀನ್ಸಿನ ಮೇಲೆ ಕುರ್ತಾ ಬಂತು, ಅದರ ಹಿಂದೆಯೇ ಜೀನ್ಸಿನ ಮೇಲೆ ಟೀ ಶರ್ಟು. ಈಗ ನಾಲ್ಕೈದು ವರ್ಷಗಳಿಂದ ನೋಡುತ್ತಿದ್ದೇನೆ, ಜೀನ್ಸು ನಿಧಾನವಾಗಿ ಸರಿದು ಜಾಗ ಬಿಡುತ್ತಿದೆ. ಜಾಗರ್ಸ್, ಲೆಗ್ಗಿಂಗ್ಸ್, ಪಕ್ಕದಲ್ಲಿ ಬಿಳಿ ಪಟ್ಟಿ ಇಳಿಬಿಟ್ಟ ಟ್ರ್ಯಾಕ್ ಪ್ಯಾಂಟು, ಕಾಲಲ್ಲಿ ಓಟದ ಬೂಟು. ಇವರಲ್ಲಿ ಹೆಚ್ಚಿನವರು ಜಿಮ್ಮಿಗೆ ಹೊರಟವರಲ್ಲ. ಅವರು ಓಡುವುದೇನಿದ್ದರೂ ಪ್ಲಾಟ್‌ಫಾರಂ ಬದಲಾಯಿಸಿದ ಗಾಡಿಯನ್ನು ಹಿಡಿಯಲು ಮಾತ್ರ.

ಈ ಬದಲಾವಣೆ ನನ್ನ ಕಣ್ಣಿಗೆ ಬೀಳಲು ಬೇರೆ ಕಾರಣವೂ ಇದೆ. ನಾನು ಬಳ್ಳಾರಿಯವಳು. ನಮ್ಮ ಚಿಕ್ಕಪ್ಪ ಕೌಲ್ ಬಜಾರಿನಲ್ಲಿ ನಾಲ್ಕು ಮಷಿನು ಹಾಕಿಕೊಂಡು ಜೀನ್ಸ್ ಹೊಲಿಸುವವರು. ಶಾಲೆಗೆ ರಜೆ ಬಂದರೆ ಮನೆಯ ಹೆಂಗಸರು, ಮಕ್ಕಳೆಲ್ಲ ಪಡಸಾಲೆಯಲ್ಲಿ ಕೂತು ಹೊಲಿದ ಪ್ಯಾಂಟುಗಳ ಚಿಲ್ಲರೆ ದಾರ ಕತ್ತರಿಸುತ್ತಿದ್ದೆವು. ಪ್ಯಾಂಟಿಗಿಷ್ಟು ಅಂತ ಲೆಕ್ಕ. ಬೆರಳ ತುದಿಯೆಲ್ಲ ನೀಲಿ. ಹೀಗಾಗಿ ಜೀನ್ಸು ನನಗೆ ಉಡುಪಾಗುವ ಮೊದಲೇ ಅನ್ನವಾಗಿತ್ತು. ಯಾರಾದರೂ "ಇನ್ನು ಜೀನ್ಸ್ ಯಾರು ಹಾಕ್ತಾರೆ, ಟ್ರ್ಯಾಕ್ಸೇ ಆರಾಮ" ಅಂದರೆ ನನ್ನ ಸೊಂಟ ಹೌದೆನ್ನುತ್ತದೆ, ಹೊಟ್ಟೆಯೊಳಗೆ ಮಾತ್ರ ಏನೋ ಚುರ್ ಅನ್ನುತ್ತದೆ.

ಜೀನ್ಸಿನ ಊರು ಯಾವುದು ಅಂದರೆ ಎಲ್ಲರೂ ಅಮೆರಿಕ ಅನ್ನುತ್ತಾರೆ. ಅರ್ಧ ನಿಜ. ನೆವಾಡಾದ ರೀನೋ ಊರಿನ ದರ್ಜಿ ಜೇಕಬ್ ಡೇವಿಸ್, ಕೂಲಿಗಳ ಪ್ಯಾಂಟಿನ ಜೇಬು ಹರಿಯದಿರಲಿ ಅಂತ ಮೂಲೆಗಳಿಗೆ ತಾಮ್ರದ ರಿವೆಟ್ ಹೊಡೆದ. ಬಟ್ಟೆ ವ್ಯಾಪಾರಿ ಲೆವಿ ಸ್ಟ್ರಾಸ್ ಜೊತೆ ಸೇರಿ 1873ರ ಮೇ 20ರಂದು ಅದಕ್ಕೆ ಪೇಟೆಂಟ್ ಪಡೆದ. ಡೆನಿಮ್ ಎಂಬ ಹೆಸರು ಫ್ರಾನ್ಸಿನ ನೀಮ್ ಊರಿನಿಂದ, ಜೀನ್ಸ್ ಎಂಬುದು ಇಟಲಿಯ ಜಿನೋವಾದಿಂದ ಬಂತೆನ್ನುತ್ತಾರೆ. ಆದರೆ ಇದೇ ಕುಟುಂಬದ ಇನ್ನೊಂದು ಹೆಸರು, ಡಂಗರೀಸ್, ನಮ್ಮ ಮುಂಬಯಿಯದು. ಕೋಟೆಯ ಹೊರಗಿದ್ದ ಡೋಂಗ್ರಿಯಲ್ಲಿ ಮಾರಾಟವಾಗುತ್ತಿದ್ದ ಒರಟು ಹತ್ತಿ ಬಟ್ಟೆಗೆ ಡುಂಗ್ರಿ ಅನ್ನುತ್ತಿದ್ದರು. ಅದು ಹಡಗು ಹತ್ತಿ ಹೋಗಿ ಇಂಗ್ಲಿಷಿನ ಡಂಗರಿ ಆಯಿತು. ನನ್ನ ಆಫೀಸಿರುವ ಮಸ್ಜಿದ್ ಬಂದರಿನಿಂದ ಡೋಂಗ್ರಿ ನಡೆದು ಹೋಗುವ ದೂರ. ಮಧ್ಯಾಹ್ನ ಆ ಕಡೆ ಹೋದಾಗಲೆಲ್ಲ ಕೈಗಾಡಿ ಎಳೆಯುವವರನ್ನು ನೋಡುತ್ತೇನೆ. ಇಂಥ ದುಡಿಯುವ ಮೈಗಳ ಬಟ್ಟೆಯೇ ಮುಂದೆ ಜಗತ್ತಿನ ಫ್ಯಾಷನ್ನಾಯಿತು.

ಕೂಲಿಯವನ ಪ್ಯಾಂಟು ನಮ್ಮ ಕಡೆ ಬಂದದ್ದು ಮಾತ್ರ ಶ್ರೀಮಂತರ ಪ್ಯಾಂಟಾಗಿ. ಫಾರಿನ್ನಿಂದ ಬಂದವರು ತಂದರೆ ಉಂಟು, ಇಲ್ಲದಿದ್ದರೆ ಇಲ್ಲ. 1980ರಲ್ಲಿ ಅಹಮದಾಬಾದಿನ ಅರವಿಂದ್ ಮಿಲ್ಸ್‌ನವರ ಫ್ಲೈಯಿಂಗ್ ಮಷೀನ್ ಬಂತು. 1995ರಲ್ಲಿ ಅದೇ ಕಂಪನಿ ರಫ್ ಅಂಡ್ ಟಫ್ ಅಂತ ಒಂದು ಕಿಟ್ ಮಾರಿತು. ಬಟ್ಟೆ, ಜಿಪ್ಪು, ಗುಂಡಿ, ರಿವೆಟ್ಟು ಎಲ್ಲ ಒಂದೇ ಪೊಟ್ಟಣದಲ್ಲಿ, ಹೊಲಿಸಿಕೊಳ್ಳುವುದು ನಿಮ್ಮೂರಿನ ದರ್ಜಿಯ ಹತ್ತಿರ. ಚಿಕ್ಕ ಊರಿನ ಹುಡುಗರು ಮೊದಲ ಸಲ ಜೀನ್ಸ್ ಹಾಕಿದ್ದು ಹೀಗೆ. ಇತ್ತ ನಮ್ಮ ಡೊಂಬಿವಲಿಯಿಂದ ನಾಲ್ಕೇ ಸ್ಟೇಷನ್ ಆಚೆಗಿನ ಉಲ್ಲಾಸನಗರದಲ್ಲಿ ಎಲ್ಲ ಕಂಪನಿಯ ಜೀನ್ಸೂ ತಯಾರಾಗುತ್ತಿದ್ದವು. ಯುಎಸ್ಎ ಅಂದರೆ ಉಲ್ಲಾಸನಗರ ಸಿಂಧಿ ಅಸೋಸಿಯೇಷನ್ ಎಂಬ ಹಳೇ ಜೋಕು ಮುಂಬಯಿಯಲ್ಲಿರುವ ನಿಮಗೆ ಗೊತ್ತೇ ಇದೆ. ಬಳ್ಳಾರಿಯ ಒಂದು ಜೀನ್ಸಿನ ಬಜಾರು ಬಿಟ್ಟು ಬಂದು ಇನ್ನೊಂದರ ಪಕ್ಕದಲ್ಲಿ ಮನೆ ಮಾಡಿದವಳು ನಾನು.

ಇನ್ನು ಟ್ರ್ಯಾಕ್ ಪ್ಯಾಂಟಿನ ಜಾತಕ. ಅದು ಹೊಲದಲ್ಲಿ ಹುಟ್ಟಿದ್ದಲ್ಲ, ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಪಾಲಿಯೆಸ್ಟರ್ ನೂಲನ್ನು 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಕಂಡುಹಿಡಿದರು. ಎಳೆದರೆ ಹಿಗ್ಗಿ ಬಿಟ್ಟರೆ ಕುಗ್ಗುವ ಸ್ಪ್ಯಾಂಡೆಕ್ಸ್ ಅಥವಾ ಲೈಕ್ರಾವನ್ನು 1958ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ತಯಾರಿಸಿದರು. ಇವೆರಡೂ ಸೇರಿ ಇಂದಿನ ಆಟದ ಉಡುಪು. ಹತ್ತಿ ಬರೀ ಗಾಳಿಯಿಂದಲೇ ತನ್ನ ತೂಕದ ಶೇ. 8ರಷ್ಟು ತೇವ ಹೀರಿ ಇಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಹೀರುವುದು ಶೇ. ಅರ್ಧಕ್ಕಿಂತ ಕಡಿಮೆ. ಬೆವರನ್ನು ಅದು ಕುಡಿಯುವುದಿಲ್ಲ, ಮೇಲ್ಮೈಯಲ್ಲಿ ಹರಡಿ ಆರಲು ಬಿಡುತ್ತದೆ.

ಇದರ ಬೆಲೆ ಗೊತ್ತಾಗುವುದು ಜುಲೈ ತಿಂಗಳಲ್ಲಿ. ಕುರ್ಲಾದಲ್ಲಿ ಹಳಿಯ ಮೇಲೆ ನೀರು ನಿಂತು ಗಾಡಿ ನಿಂತಾಗ ಮೊಣಕಾಲವರೆಗೆ ನೆನೆದ ಜೀನ್ಸ್ ಎಂದರೆ ಎರಡು ಕಾಲಿಗೂ ಒಂದೊಂದು ಮರಳಿನ ಚೀಲ. ಮನೆಗೆ ಬಂದು ಬಾಲ್ಕನಿಯಲ್ಲಿ ನೇತುಹಾಕಿದರೆ ಮೂರು ದಿನಕ್ಕೂ ಸೊಂಟಪಟ್ಟಿ ಒದ್ದೆ, ಮೇಲೆ ಮುಗ್ಗಲು ವಾಸನೆ. ಟ್ರ್ಯಾಕ್ ಪ್ಯಾಂಟು ರಾತ್ರಿ ಫ್ಯಾನಿನ ಕೆಳಗೆ ಹಾಕಿದರೆ ಬೆಳಿಗ್ಗೆ ತಯಾರು. ಬಳ್ಳಾರಿಯ ಒಣ ಬಿಸಿಲಿನಲ್ಲಿ ಜೀನ್ಸ್ ಎರಡೇ ಗಂಟೆಯಲ್ಲಿ ಹಪ್ಪಳವಾಗುತ್ತಿತ್ತು. ಮುಂಬಯಿ, ಚೆನ್ನೈಗಳ ಕಡಲ ಗಾಳಿ ಬೇರೆ, ಪುಣೆ, ದಿಲ್ಲಿಯ ಚಳಿ ಬೇರೆ. ಯಾವುದು ಒಳ್ಳೆಯ ಉಡುಪು ಎಂದು ಕೇಳುವ ಮೊದಲು ಯಾವ ಊರಿಗೆ, ಯಾವ ತಿಂಗಳಿಗೆ ಎಂದು ಕೇಳಬೇಕು.

ಹೆಂಗಸರ ಮಾತನ್ನೂ ಇಲ್ಲಿ ಹೇಳಬೇಕು. ಬೆಳಿಗ್ಗೆ ಎದ್ದ ಸೊಂಟ, ಸಂಜೆಯ ಸೊಂಟ ಎರಡೂ ಒಂದೇ ಅಲ್ಲ. ತಿಂಗಳ ನಾಲ್ಕು ದಿನ ಹೊಟ್ಟೆ ಉಬ್ಬಿರುತ್ತದೆ. ನಲವತ್ತೈದು ದಾಟಿದ ಮೇಲೆ ಯಾವ ಹೊತ್ತಿಗೆ ಮೈ ಕಾಯುತ್ತದೆ, ಯಾವಾಗ ಬೆವರುತ್ತದೆ ಹೇಳಲಾಗದು. ಒಂದೂಕಾಲು ಗಂಟೆ ನಿಂತು ಪ್ರಯಾಣ ಮಾಡುವಾಗ ಲೋಹದ ಗುಂಡಿಯೊಂದು ಹೊಕ್ಕುಳನ್ನು ಒತ್ತುತ್ತಿದ್ದರೆ ಅದು ಚಿಕ್ಕ ಸಂಗತಿಯಲ್ಲ. ಆದರೆ ಜೀನ್ಸಿನ ಪರವಾಗಿ ಒಂದು ದೊಡ್ಡ ಮಾತಿದೆ, ಅದು ಜೇಬು. ಪಾಸು, ಫೋನು, ಬೀಗದ ಕೈ ಇವೆಲ್ಲ ಮೈಗೆ ಅಂಟಿಕೊಂಡಿದ್ದರೆ ಗರ್ದಿಯಲ್ಲಿ ಎದೆ ಹಗುರ. ಹೆಂಗಸರ ಎಷ್ಟೋ ಲೆಗ್ಗಿಂಗ್ಸಿಗೆ ಜೇಬೇ ಇಲ್ಲ, ಇದ್ದರೂ ಫೋನು ಹಾಕಿದೊಡನೆ ಪ್ಯಾಂಟೇ ಕೆಳಗೆ ಜಾರುತ್ತದೆ. ಫೋನಿನಲ್ಲಿ ಈ ಸಂಗತಿ ಹೇಳಿದಾಗ ಚಿಕ್ಕಪ್ಪ ನಕ್ಕಿದ್ದರು. "ಪ್ಯಾಂಟು ಅಂದ್ರ ತನ್ನ ಕಾಲ ಮ್ಯಾಲೆ ತಾನು ನಿಲ್ಲಬೇಕವ್ವಾ. ಜೋತು ಬೀಳೋದಕ್ಕ ಪ್ಯಾಂಟು ಅಂತಾರೇನು?"

ಪರಿಸರದ ಲೆಕ್ಕ ಹಾಕಿದರೆ ಇಬ್ಬರೂ ತಪ್ಪಿತಸ್ಥರೇ. ಲೆವಿಸ್ ಕಂಪನಿಯೇ 2015ರಲ್ಲಿ ಲೆಕ್ಕ ಕೊಟ್ಟಂತೆ, ಒಂದು ಜೀನ್ಸಿಗೆ ಹತ್ತಿ ಬೆಳೆಯುವುದರಿಂದ ಹಿಡಿದು ನಾವು ತೊಳೆದು ಬಿಸಾಡುವವರೆಗೆ ಸುಮಾರು 3,781 ಲೀಟರ್ ನೀರು ಬೇಕು. ಬಣ್ಣ ಹಾಕುವ, ಮಾಸಲು ಮಾಡುವ ಘಟಕಗಳ ನೀರು ಎಲ್ಲಿಗೆ ಹೋಗುತ್ತದೆ ಎಂದು ಉಲ್ಲಾಸನಗರದ ವಾಲಧುನಿ ನದಿಯನ್ನು ನೋಡಿದವರಿಗೆ ಹೇಳಬೇಕಿಲ್ಲ. ಬಳ್ಳಾರಿಯಲ್ಲೂ ಇದೇ ತಕರಾರು. ನಿಟ್‌ವೇರಿಗೆ ಹೆಸರಾದ ತಿರುಪ್ಪೂರಿನಲ್ಲಿ ನೊಯ್ಯಲ್ ನದಿ ಕೆಟ್ಟಿತೆಂದು 2011ರಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಘಟಕಗಳನ್ನೇ ಮುಚ್ಚಿಸಿತ್ತು. ಪಾಲಿಯೆಸ್ಟರ್ ಬಟ್ಟೆಯದು ಇನ್ನೊಂದು ಬಗೆಯ ಪಾಪ. ಪ್ರತಿ ಸಲ ಒಗೆದಾಗಲೂ ಅದರಿಂದ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ಉದುರಿ ಮೋರಿ ಸೇರಿ, ಅಲ್ಲಿಂದ ಕಡಲು ಸೇರುತ್ತವೆ. ಮೇಲಾಗಿ ಅದು ಮೈಯ ಎಣ್ಣೆಯಂಶವನ್ನು ಹಿಡಿದಿಟ್ಟುಕೊಳ್ಳುವುದರಿಂದ ಬೇಗ ನಾರುತ್ತದೆ, ದಿನಾ ಒಗೆಯಲೇಬೇಕು. ಜೀನ್ಸ್ ಮಾತ್ರ ನಾಲ್ಕೈದು ಸಲ ಹಾಕಿದರೂ ಮುನಿಸಿಕೊಳ್ಳುವುದಿಲ್ಲ.

ಇಷ್ಟು ಬಟ್ಟೆಯ ಮಾತು. ಮರ್ಯಾದೆಯ ಮಾತು ಬಂದಾಗ ಜಗಳ ಶುರುವಾಗುತ್ತದೆ. ಟ್ರ್ಯಾಕ್ ಪ್ಯಾಂಟಿನಲ್ಲಿ ಆಫೀಸಿಗೆ, ಮದುವೆ ಮನೆಗೆ, ಕನ್ನಡ ಸಂಘದ ಕಾರ್ಯಕ್ರಮಕ್ಕೆ ಬಂದವರನ್ನು ನೋಡಿ "ಜೀನ್ಸಾದರೂ ಹಾಕಿಕೊಂಡು ಬರಬಾರದೇ" ಅನ್ನುವ ಹಿರಿಯರಿದ್ದಾರೆ. ತಮಾಷೆಯೆಂದರೆ ಇದೇ ಹಿರಿಯರ ಅಪ್ಪಂದಿರು ಒಂದು ಕಾಲಕ್ಕೆ ಜೀನ್ಸ್ ನೋಡಿ ಮೂಗು ಮುರಿದವರು. ಜೀನ್ಸಿಗೂ ಪೂರ್ತಿ ಬಡ್ತಿ ಸಿಕ್ಕಿಲ್ಲ. 2020ರ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ತನ್ನ ನೌಕರರು ಜೀನ್ಸ್, ಟೀ ಶರ್ಟ್ ತೊಟ್ಟು ಕಚೇರಿಗೆ ಬರಬಾರದೆಂದು ಆದೇಶಿಸಿತು. ಕೆಲವು ತಿಂಗಳಲ್ಲೇ ಜೀನ್ಸಿನ ಮೇಲಿನ ನಿಷೇಧ ತೆಗೆಯಿತು. 2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ವಿಶ್ವ ರ‍್ಯಾಪಿಡ್ ಚೆಸ್ ಪಂದ್ಯಾವಳಿಗೆ ಜೀನ್ಸ್ ಹಾಕಿಕೊಂಡು ಬಂದ ಮ್ಯಾಗ್ನಸ್ ಕಾರ್ಲ್‌ಸನ್‌ಗೆ 200 ಡಾಲರ್ ದಂಡ ಬಿತ್ತು. ಅಂದೇ ಬದಲಾಯಿಸಲು ಒಪ್ಪದೆ ಆತ ಪಂದ್ಯಾವಳಿಯನ್ನೇ ಬಿಟ್ಟು ನಡೆದ. ಎರಡು ದಿನ ಕಳೆಯುವುದರೊಳಗೆ ನಿಯಮ ಸಡಿಲವಾಯಿತು, ಬ್ಲಿಟ್ಜ್ ಪಂದ್ಯಗಳಿಗೆ ಆತ ಜೀನ್ಸಿನಲ್ಲೇ ಬಂದು ಕೂತ.

ಕಾರ್ಲ್‌ಸನ್‌ಗಾಗಿ ನಿಯಮ ಬಗ್ಗುತ್ತದೆ. ಎಲ್ಲರಿಗೂ ಬಗ್ಗುವುದಿಲ್ಲ. 2024ರ ಜುಲೈನಲ್ಲಿ ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಜಿಲ್ಲೆಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂಬ ಕಾರಣಕ್ಕೆ ಬೆಂಗಳೂರಿನ ಮಾಲೊಂದರ ಬಾಗಿಲಲ್ಲೇ ತಡೆದದ್ದು ನೆನಪಿರಬಹುದು. ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು. ಅದರ ಹಿಂದಿನ ವರ್ಷ ಗ್ರೇಟರ್ ನೋಯ್ಡಾದ ಒಂದು ಸೊಸೈಟಿ, ಲುಂಗಿ ಮತ್ತು ನೈಟಿಯಲ್ಲಿ ಕೆಳಗೆ ಓಡಾಡಬೇಡಿ ಎಂದು ಸುತ್ತೋಲೆ ಹೊರಡಿಸಿ ಸುದ್ದಿಯಾಗಿತ್ತು. ಗಾಳಿಯಾಡುವ, ಸೊಂಟ ಬಿಗಿಯದ, ಮಳೆ ಬಂದರೆ ಎತ್ತಿ ಕಟ್ಟಬಹುದಾದ ಉಡುಪು ನಮ್ಮಲ್ಲಿ ಮೊದಲೇ ಇತ್ತು. ಅದು ಅಸಭ್ಯ. ಮೊಣಕಾಲಿನ ಮೇಲೆ ಕಂಪನಿಯ ಗುರುತಿರುವ ನಾಲ್ಕು ಸಾವಿರದ ಜಾಗರ್ಸ್ ಮಾತ್ರ ಸ್ಮಾರ್ಟ್.

ನಮ್ಮ ಸೊಸೈಟಿಯ ಗೇಟಿನಲ್ಲೂ ಈ ಲೆಕ್ಕ ದಿನಾ ನಡೆಯುತ್ತದೆ. ಆರನೇ ಮಹಡಿಯ ಸಾಹೇಬರು ಟ್ರ್ಯಾಕ್ ಪ್ಯಾಂಟಿನಲ್ಲಿ ಬಂದರೆ ವಾಚ್‌ಮನ್ ಸಲಾಮು ಹೊಡೆಯುತ್ತಾನೆ. ಅದೇ ಬಣ್ಣದ ಟ್ರ್ಯಾಕ್ ಪ್ಯಾಂಟು ತೊಟ್ಟು ಊಟದ ಪೊಟ್ಟಣ ತಂದ ಹುಡುಗನಿಗೆ ಸರ್ವಿಸ್ ಲಿಫ್ಟಿನ ಕಡೆ ಕೈ ತೋರಿಸುತ್ತಾನೆ. ವಾಚ್‌ಮನ್‌ಗೆ ಮಾತ್ರ ಮೇ ತಿಂಗಳಲ್ಲೂ ದಪ್ಪ ಟೆರಿಕಾಟಿನ ಪ್ಯಾಂಟು, ಬೆಲ್ಟು, ಬೂಟು. ಆರಾಮಾಗಿರುವ ಹಕ್ಕು ಕೂಡ ಕೆಲವರಿಗಷ್ಟೇ ಸಿಕ್ಕಿದೆ. ಜೀನ್ಸೋ ಟ್ರ್ಯಾಕ್ ಪ್ಯಾಂಟೋ ಎಂಬ ಚರ್ಚೆಯಲ್ಲಿ ನನಗೆ ನಿಜವಾಗಿ ಕಾಡುವುದು ಇದು. ಆತನಿಗೆ ಬೇಸಿಗೆಯಲ್ಲಿ ತೆಳು ಹತ್ತಿಯ ಸಮವಸ್ತ್ರ ಕೊಡಿ ಎಂದು ಕಳೆದ ಸಭೆಯಲ್ಲಿ ನಾವು ಮೂರು ಮನೆಯವರು ಬರೆದು ಕೊಟ್ಟಿದ್ದೇವೆ. ಉತ್ತರ ಇನ್ನೂ ಬರಬೇಕು.

ಮತ್ತೆ ಬಳ್ಳಾರಿಗೆ ಬರೋಣ. ಜನ ಟ್ರ್ಯಾಕ್ ಪ್ಯಾಂಟ್ ಕೇಳಿದರೆ ಅದನ್ನೇ ಹೊಲಿಯಬಹುದಲ್ಲ ಎಂದು ಕೇಳುವುದು ಸುಲಭ. ಜೀನ್ಸ್ ನೇಯ್ದ ಬಟ್ಟೆ, ದಪ್ಪ ದಾರ, ಭಾರದ ಲಾಕ್‌ಸ್ಟಿಚ್ ಮಷಿನು. ಟ್ರ್ಯಾಕ್ ಪ್ಯಾಂಟು ಹೆಣೆದ ಬಟ್ಟೆ. ಅದಕ್ಕೆ ಓವರ್‌ಲಾಕ್, ಫ್ಲಾಟ್‌ಲಾಕ್ ಮಷಿನು ಬೇಕು, ಹಿಗ್ಗುವ ಬಟ್ಟೆಯನ್ನು ಎಳೆಯದೆ ಓಡಿಸುವ ಬೇರೆಯೇ ಕೈ ಬೇಕು. ಆ ಕೈಯಿರುವ ಊರುಗಳು ತಿರುಪ್ಪೂರು, ಲೂಧಿಯಾನಾ. ನಾಲ್ಕು ಮಷಿನಿನ ಯಜಮಾನನಿಗೆ ಇದು ಹೊಸದಾಗಿ ಸಾಲ ಮಾಡಿ ಹೊಸದಾಗಿ ಕಸುಬು ಕಲಿಯುವ ಮಾತು. 2023ರ ಚುನಾವಣೆಯ ಹೊತ್ತಿನಲ್ಲಿ ಬಳ್ಳಾರಿಯ ಜೀನ್ಸ್ ಪಾರ್ಕು ದೊಡ್ಡ ಭರವಸೆಯಾಗಿ ಕೇಳಿಬಂದಾಗ ನಮ್ಮ ಮನೆಯಲ್ಲೂ ಆಸೆಯಿಂದ ಟಿವಿ ನೋಡಿದ್ದರು. ಚಿಕ್ಕಪ್ಪನಂಥವರು ಅದಕ್ಕೆ ಕಾಯುತ್ತ ಕೂರುವಂತಿಲ್ಲ. ಅವರು ಶೇ. ಒಂದೆರಡು ಲೈಕ್ರಾ ಬೆರೆತ ಡೆನಿಮ್ ತರಿಸಿ, ಸೊಂಟಕ್ಕೆ ಎಲಾಸ್ಟಿಕ್ ಹಾಕಿದ, ಆಳವಾದ ಜೇಬಿರುವ ಹೆಂಗಸರ ಪ್ಯಾಂಟು ಹೊಲಿಸಲು ಶುರುಮಾಡಿದ್ದಾರೆ. ಮೊದಲ ಎರಡು ನನಗೇ ಬಂದವು. ಒಂದರ ಎಲಾಸ್ಟಿಕ್ ಬಿಗಿಯಾಯಿತೆಂದು ಹೇಳಿ ಕಳಿಸಿದೆ, ಮುಂದಿನದರಲ್ಲಿ ಸರಿಮಾಡಿದರು.

ಈಗ ನನ್ನ ಕಪಾಟಿನ ವ್ಯವಸ್ಥೆ ಹೀಗಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟ್ರ್ಯಾಕ್ ಪ್ಯಾಂಟು, ಆದಷ್ಟು ಹತ್ತಿ ಹೆಚ್ಚಿರುವುದು. ಕೊಳ್ಳುವಾಗ ಒಳಗಿನ ಚೀಟಿ ಓದುತ್ತೇನೆ, ಜೇಬಿಗೆ ಫೋನು ಹಾಕಿ ಅಂಗಡಿಯಲ್ಲೇ ನಾಲ್ಕು ಹೆಜ್ಜೆ ನಡೆದು ನೋಡುತ್ತೇನೆ. ಅಕ್ಟೋಬರ್ ಸೆಕೆ ಇಳಿದ ಮೇಲೆ ಬಳ್ಳಾರಿ ಜೀನ್ಸು. ಅದನ್ನು ಒಳಮೈ ಹೊರಗೆ ಮಾಡಿ, ತಣ್ಣೀರಿನಲ್ಲಿ, ಅಪರೂಪಕ್ಕೆ ಒಗೆಯುತ್ತೇನೆ. ಸೀರೆ ಬೇಕಾದ ದಿನ ಸೀರೆ. ನೀವು ಯಾವುದನ್ನೇ ತೊಡಿ, ಮುಂದಿನ ಸಲ ಜೀನ್ಸ್ ಕೊಳ್ಳುವಾಗ ಎಲ್ಲಿ ಹೊಲಿದದ್ದೆಂದು ಅಂಗಡಿಯವನನ್ನು ಒಮ್ಮೆ ಕೇಳಿ. ದಾದರ್, ಉಲ್ಲಾಸನಗರದ ಸಗಟು ಅಂಗಡಿಗಳಲ್ಲಿ ಬಳ್ಳಾರಿ ಮಾಲು ಇದೆಯೇ ಎಂದು ವಿಚಾರಿಸುತ್ತಿದ್ದೇನೆ. ಎಲ್ಲಾದರೂ ನಿಮ್ಮ ಕಣ್ಣಿಗೆ ಬಿದ್ದಿದ್ದರೆ ಈ ಪತ್ರಿಕೆಗೆ ಬರೆದು ತಿಳಿಸಿ.