ಬಾಡಿಗೆ ಮನೆಯ ಈಜುಕೊಳ: ಹೊಣೆ ಯಾರದು? ವಿಮೆ ಎಷ್ಟರವರೆಗೆ?

ಬಾಡಿಗೆಗೆ ಮನೆ ನೋಡುವಾಗ ಬಾವಿಯಲ್ಲಿ ಬೇಸಿಗೆಗೂ ನೀರಿರುತ್ತದೆಯೇ, ಮಸೀದಿ ಎಷ್ಟು ದೂರ, ಶಾಲೆಯ ವಾಹನ ಬರುತ್ತದೆಯೇ ಎಂದೆಲ್ಲ ಕೇಳುತ್ತೇವೆ. ಅಂಗಳದಲ್ಲಿ ಈಜುಕೊಳ ಇದ್ದರೆ ಮಕ್ಕಳಿಗೆ ಹಬ್ಬ. ಆದರೆ ಅದರಲ್ಲಿ ಯಾರಿಗಾದರೂ ಅಪಾಯವಾದರೆ ಹೊಣೆ ಯಾರದು ಎಂದು ಕೇಳುವವರು ಕಡಿಮೆ. ಊರಿನಲ್ಲಿ ಮನೆ ಹಿಡಿಯುವವರೂ, ಕುಟುಂಬ ಕೂಟಕ್ಕೆ ಒಂದು ದಿನ ಫಾರ್ಮ್ ಹೌಸ್ ಪಡೆಯುವವರೂ, ಗಲ್ಫ್‌ನಲ್ಲಿ ವಿಲ್ಲಾ ಬಾಡಿಗೆಗೆ ಪಡೆದವರೂ ಈ ಪ್ರಶ್ನೆಯನ್ನು ಮೊದಲೇ ಕೇಳಬೇಕು.

2024ರ ನವೆಂಬರ್ 17ರಂದು ನಮ್ಮ ಜಿಲ್ಲೆಯ ಉಚ್ಚಿಲದ ರೆಸಾರ್ಟ್ ಒಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ಮೃತಪಟ್ಟರು. ಒಬ್ಬರನ್ನು ಉಳಿಸಲು ಹೋಗಿ ಉಳಿದವರೂ ಮುಳುಗಿದರು. ಅಲ್ಲಿ ಜೀವರಕ್ಷಕರಿರಲಿಲ್ಲ. ಈಜು ಬಾರದವರಿಗೆ ಆಳು ಮುಳುಗುವಷ್ಟು ನೀರೇ ಸಾಕು, ಸಮುದ್ರವೇ ಆಗಬೇಕೆಂದಿಲ್ಲ.

ಮಾಲೀಕರ ಪಾಲು, ನಿಮ್ಮ ಪಾಲು

1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ, ತನಗೆ ಗೊತ್ತಿರುವ, ಬಾಡಿಗೆದಾರರ ಕಣ್ಣಿಗೆ ಸುಲಭವಾಗಿ ಬೀಳದ ದೋಷವನ್ನು ಮಾಲೀಕರು ಮೊದಲೇ ತಿಳಿಸಬೇಕು. ನೀರು ಹೊರಹೋಗುವ ಪೈಪಿನ ಜಾಲರಿ ಮುರಿದಿರುವುದು, ದೀಪದ ವಯರಿನಿಂದ ಕರೆಂಟ್ ಸೋರುವುದು ಇಂಥವು. ಜಾಗವನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದು, ಹಾಳಾದದ್ದನ್ನು ಮಾಲೀಕರಿಗೆ ತಿಳಿಸುವುದು ಬಾಡಿಗೆದಾರರ ಕರ್ತವ್ಯ. ಗೇಟು ತೆರೆದಿಟ್ಟು ನೆರೆಮನೆಯ ಮಗು ನೀರಿಗೆ ಬಿದ್ದರೆ, ಮನೆ ನಿಮ್ಮ ಕೈಯಲ್ಲಿದ್ದ ಕಾರಣ ಪ್ರಶ್ನೆ ನಿಮ್ಮ ಮೇಲೂ ಬರುತ್ತದೆ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಇದೆ. ಅಲ್ಲಿ ಯಾವ ವಿಮೆಯೂ ಜೈಲು ಶಿಕ್ಷೆಯಿಂದ ಬಿಡಿಸುವುದಿಲ್ಲ.

ವಿಮೆ ಏನು ಕೊಡುತ್ತದೆ?

‘ಮನೆಗೆ ಇನ್ಶೂರೆನ್ಸ್ ಇದೆ’ ಎಂಬ ಮಾಲೀಕರ ಮಾತಿಗೆ ಸಮಾಧಾನಪಡಬೇಡಿ. 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳಲ್ಲಿ ಸಿಗುವ ‘ಭಾರತ್ ಗೃಹ ರಕ್ಷಾ’ ಪಾಲಿಸಿ ಬೆಂಕಿ, ಸಿಡಿಲು, ನೆರೆ, ಭೂಕುಸಿತದಿಂದ ಕಟ್ಟಡಕ್ಕೂ ಸಾಮಾನಿಗೂ ಆಗುವ ನಷ್ಟಕ್ಕೆ. ಕೊಳದಲ್ಲಿ ಮುಳುಗಿದ ಅತಿಥಿಯ ಚಿಕಿತ್ಸೆಗೋ ಪರಿಹಾರಕ್ಕೋ ಅಲ್ಲ. ಇತರರಿಗೆ ಆದ ಹಾನಿಯ ಹೊಣೆಗೆ ‘ಪಬ್ಲಿಕ್ ಲಯಬಿಲಿಟಿ’ ವಿಮೆ ಬೇರೆಯೇ ಇದೆ. ದಿನಬಾಡಿಗೆಗೆ ಮನೆ ಕೊಡುವ ಮಾಲೀಕರು ಇದನ್ನು ಮಾಡಿಸಬೇಕು, ನೀವು ಅದರ ಪ್ರತಿ ಕೇಳಿ ನೋಡಬೇಕು.

ನಿಮ್ಮ ಕುಟುಂಬದ ಆರೋಗ್ಯ ವಿಮೆಯಲ್ಲಿ ಹೊಸ ಪಾಲಿಸಿಯ 30 ದಿನಗಳ ಕಾಯುವ ಅವಧಿ ಸಾಮಾನ್ಯವಾಗಿ ಅಪಘಾತಕ್ಕೆ ಅನ್ವಯಿಸುವುದಿಲ್ಲ. ಬ್ಯಾಂಕ್ ಖಾತೆಯ ಮೂಲಕ ವರ್ಷಕ್ಕೆ 20 ರೂಪಾಯಿಗೆ ಸಿಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಅಪಘಾತದ ಸಾವಿಗೆ 2 ಲಕ್ಷ ಕೊಡುತ್ತದೆ. ಆದರೆ ಅದು 18ರಿಂದ 70 ವರ್ಷದವರಿಗೆ ಮಾತ್ರ. ಅತಿ ಹೆಚ್ಚು ಅಪಾಯದಲ್ಲಿರುವ ಪುಟ್ಟ ಮಕ್ಕಳು ಅದರ ಹೊರಗೆ. ವಿಮೆ ಪಡೆಯುವುದರ ಧಾರ್ಮಿಕ ವಿಧಿಯ ಬಗ್ಗೆ ಸಂಶಯವಿದ್ದವರು ಉಲಮಾಗಳಲ್ಲಿ ಕೇಳಿ ತಿಳಿಯಲಿ. ಗಲ್ಫ್‌ನಲ್ಲಿ ಇರುವವರಿಗೆ ತಕಾಫುಲ್ ದಾರಿಯೂ ಇದೆ.

ಹೇಳಲು ಕಷ್ಟವಾದ ಇನ್ನೊಂದು ಮಾತಿದೆ. ಮುಳುಗಿ ಆಗುವ ಸಾವು ಕಾನೂನಿನ ಕಣ್ಣಿಗೆ ಅಸಹಜ ಸಾವು, ಪೊಲೀಸರಿಗೆ ತಿಳಿಸಲೇಬೇಕು. ಪೋಸ್ಟ್‌ಮಾರ್ಟಂ ತಪ್ಪಿಸಿ ಮಯ್ಯಿತನ್ನು ಬೇಗ ದಫನ್ ಮಾಡಬೇಕೆಂಬ ಆತುರ ಅರ್ಥವಾಗುವಂಥದ್ದೇ. ಆದರೆ ಠಾಣೆಯ ದಾಖಲೆ ಇಲ್ಲದಿದ್ದರೆ ಅಪಘಾತ ವಿಮೆ ಸಿಗುವುದು ಬಹಳ ಕಷ್ಟ. ಮನೆಗೆ ದುಡಿಯುತ್ತಿದ್ದವರೇ ಹೋಗಿದ್ದರೆ ಆ ಹಣ ಅನಾಥ ಮಕ್ಕಳ ಹಕ್ಕು.

ನೀರು ಶುದ್ಧವೇ?

ಕೊಳದ ತಳ ಸ್ಪಷ್ಟವಾಗಿ ಕಾಣದಿದ್ದರೆ ಇಳಿಯಬೇಡಿ. ನೀರಿನ ಪಿಎಚ್ 7.2ರಿಂದ 7.8ರ ಒಳಗಿರಬೇಕು, ಕ್ಲೋರಿನ್ ಲೀಟರಿಗೆ ಕನಿಷ್ಠ 1 ಮಿಲಿಗ್ರಾಂ ಉಳಿದಿರಬೇಕು. ಅಳೆಯುವ ಪಟ್ಟಿ ಅಂಗಡಿಯಲ್ಲಿ ಸಿಗುತ್ತದೆ. ಬ್ಲೀಚಿಂಗ್ ಪೌಡರಿಗೆ ಆಸಿಡ್ ಬೆರೆಸಿದರೆ ಉಸಿರು ಕಟ್ಟಿಸುವ ಅನಿಲ ಏಳುತ್ತದೆ, ಎಂದೂ ಬೆರೆಸಬಾರದು. ಪಕ್ಕದ ಕೇರಳದಲ್ಲಿ ಮೂಗಿನ ಮೂಲಕ ಮೆದುಳಿಗೆ ಏರುವ ಅಮೀಬಾ ಸೋಂಕು ಜೀವಗಳನ್ನು ಬಲಿ ಪಡೆದಿದೆ. ಈಜಿದ ಕೆಲವು ದಿನಗಳಲ್ಲಿ ತೀವ್ರ ತಲೆನೋವು, ಜ್ವರ, ವಾಂತಿ, ಕುತ್ತಿಗೆ ಬಿಗಿತ ಕಂಡರೆ ದೊಡ್ಡ ಆಸ್ಪತ್ರೆಗೆ ಓಡಿ. ಯುನಾನಿ ವೈದ್ಯನಾಗಿ ಹೇಳುತ್ತೇನೆ, ಇದಕ್ಕೆ ನಮ್ಮಲ್ಲಿ ಕಷಾಯವೂ ಇಲ್ಲ, ಮಾಜೂನೂ ಇಲ್ಲ.

ಮುಳುಗಿದವರನ್ನು ಎತ್ತಿದ ಕೂಡಲೇ

ಹೊಟ್ಟೆ ಒತ್ತಿ ನೀರು ತೆಗೆಯಬೇಡಿ, ತಲೆಕೆಳಗಾಗಿ ತಿರುಗಿಸಬೇಡಿ. 108ಕ್ಕೆ ಕರೆ ಮಾಡಿಸಿ. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು 5 ಸಲ ಉಸಿರು ಕೊಡಿ. ನಂತರ ಎದೆಯ ನಡುವೆ 30 ಸಲ ಒತ್ತಿ, 2 ಸಲ ಉಸಿರು ಕೊಡುತ್ತಾ ಮುಂದುವರಿಸಿ. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಕರೆದೊಯ್ಯಿರಿ. ಶ್ವಾಸಕೋಶದ ತೊಂದರೆ ಕೆಲವು ಗಂಟೆಗಳ ನಂತರವೂ ಕಾಣಿಸಬಹುದು.

ಕರಾರಿಗೆ ಸಹಿ ಹಾಕುವ ಮೊದಲು

11 ತಿಂಗಳ ಕರಾರು ಪತ್ರದಲ್ಲಿ ಇವಿಷ್ಟನ್ನು ಬರೆಸಿ: ಕೊಳದ ಸುತ್ತ ನಾಲ್ಕು ಅಡಿ ಎತ್ತರದ ಬೇಲಿ ಮತ್ತು ತಾನಾಗಿ ಮುಚ್ಚುವ ಗೇಟು ಹಾಕಿಸುವವರು ಯಾರು, ನೀರು ಶುದ್ಧಗೊಳಿಸುವವರು, ದುರಸ್ತಿ ಮಾಡಿಸುವವರು ಯಾರು, ಹೊಣೆಯ ವಿಮೆ ಯಾರ ಹೆಸರಲ್ಲಿ, ಯಾವ ದಿನಾಂಕದವರೆಗೆ. ಮಾಲೀಕರು ಒಪ್ಪದಿದ್ದರೆ ಕೊಳದ ನೀರನ್ನು ಪೂರ್ತಿ ಖಾಲಿ ಮಾಡಿಸಿ, ಗಟ್ಟಿಯಾಗಿ ಮುಚ್ಚಿಸಿಕೊಡುವಂತೆ ಕೇಳಿ. ಅದಕ್ಕೂ ಒಪ್ಪದ ಮನೆ, ಪುಟ್ಟ ಮಕ್ಕಳಿರುವ ನಿಮಗೆ ಬೇಡ.