ಕ್ಯಾಪ್ ಹಾಕಿಸಿಕೊಂಡು ರೈಲು ಹತ್ತುವ ಮುನ್ನ

ಮೇ ತಿಂಗಳ ರಜೆಗೆ ಊರಿಗೆ ಹೋಗುವ ಮುಂಬಯಿ ಕನ್ನಡಿಗರ ಕೆಲಸದ ಪಟ್ಟಿಯಲ್ಲಿ ಮದುವೆ, ನೇಮ, ಜಾಗದ ಕಾಗದಪತ್ರಗಳ ಜತೆಗೆ ಹಲ್ಲಿನ ಚಿಕಿತ್ಸೆಯೂ ಸೇರಿರುತ್ತದೆ. ಮಣಿಪಾಲ, ಮಂಗಳೂರಿನ ದಂತ ಕಾಲೇಜುಗಳಲ್ಲೋ ಪರಿಚಯದ ಡಾಕ್ಟರರಲ್ಲೋ ರೂಟ್ ಕೆನಾಲ್ ಮಾಡಿಸಿ, ಹೊರಡುವ ಹಿಂದಿನ ದಿನ ಕ್ಯಾಪ್ ಕೂರಿಸಿಕೊಂಡು ಮತ್ಸ್ಯಗಂಧ ಹತ್ತುವವರು ಅನೇಕ. ರೈಲು ಕುರ್ಲಾ ತಲಪುವಷ್ಟರಲ್ಲಿ ಹಲ್ಲು ನೋಯತೊಡಗಿರುತ್ತದೆ. ನರವನ್ನೇ ತೆಗೆದ ಮೇಲೆ ನೋವು ಎಲ್ಲಿಂದ ಬಂತು ಎಂಬುದು ಎಲ್ಲರ ಪ್ರಶ್ನೆ.

ತೆಗೆದದ್ದು ಹಲ್ಲಿನೊಳಗಿನ ನರ ಮಾತ್ರ. ಬೇರನ್ನು ಎಲುಬಿಗೆ ಹಿಡಿದಿಡುವ ತೆಳು ಪೊರೆಗೆ ನೋವು ತಿಳಿಯುವ ಶಕ್ತಿ ಹಾಗೆಯೇ ಉಳಿದಿರುತ್ತದೆ. ಚಿಕಿತ್ಸೆಯ ನಂತರ ಕೆಲವು ದಿನ ನೋಯುವುದು ಸಹಜ. ಆದರೆ ದಿನದಿಂದ ದಿನಕ್ಕೆ ಇಳಿಯಬೇಕು. ಇಳಿಯದೆ, ಕಚ್ಚಿದಾಗಲೆಲ್ಲ ನೋಯುತ್ತಿದ್ದರೆ ಮೊದಲ ಸಂಶಯ ಕ್ಯಾಪಿನ ಎತ್ತರದ ಮೇಲೆ. ಕೂದಲೆಳೆಯಷ್ಟು ಎತ್ತರವಾದರೂ ಬಾಯಿ ಮುಚ್ಚಿದಾಗ ಅದೇ ಹಲ್ಲು ಮೊದಲು ತಾಗಿ, ಪ್ರತಿ ತುತ್ತಿನ ಭಾರವೂ ಅದರ ಮೇಲೆ ಬೀಳುತ್ತದೆ. ಮರಗಟ್ಟಿದ ಬಾಯಿಗೆ ಇದು ಡಾಕ್ಟರರ ಕುರ್ಚಿಯಲ್ಲಿದ್ದಾಗ ತಿಳಿಯುವುದಿಲ್ಲ, ಮರುದಿನ ಕೋರಿ ರೊಟ್ಟಿ ಜಗಿಯುವಾಗಲೇ ತಿಳಿಯುವುದು. ಬಣ್ಣದ ಕಾಗದ ಕಚ್ಚಿಸಿ, ಗುರುತು ಬಿದ್ದಲ್ಲಿ ತುಸು ಉಜ್ಜಿದರೆ ಆಯಿತು. ಕೆಲವೇ ನಿಮಿಷಗಳ ಕೆಲಸ. ಅದಕ್ಕಾಗಿಯೇ ಕ್ಯಾಪಿಗೂ ರೈಲಿಗೂ ನಡುವೆ ಒಂದು ವಾರವಾದರೂ ಬಿಡುವುದು ಲೇಸು.

ಬಿಸಿ ಚಹಾಕ್ಕೆ, ತಣ್ಣೀರಿಗೆ ಜುಮ್ಮೆನ್ನುವ ಹಲ್ಲಿನ ಕಥೆ ಬೇರೆ. ನರವಿಲ್ಲದ ಹಲ್ಲಿಗೆ ಬಿಸಿ, ತಂಪು ತಿಳಿಯಬಾರದು. ತಿಳಿದರೆ ಪಕ್ಕದ ಹಲ್ಲು ಹುಳುಕಾಗಿರಬಹುದು, ಇಲ್ಲವೇ ಬೇರಿನ ಒಂದು ನಾಳ ಚಿಕಿತ್ಸೆಯಿಂದ ತಪ್ಪಿಸಿಕೊಂಡಿರಬಹುದು. ಮೇಲಿನ ಸಾಲಿನ ಮೊದಲ ದೊಡ್ಡ ದವಡೆಹಲ್ಲಿನಲ್ಲಿ ನಾಲ್ಕನೆಯ ಸಣ್ಣ ನಾಳ ಹೀಗೆ ಕಣ್ಣಿಗೆ ಬೀಳದಿರುವುದು ದಂತವೈದ್ಯರಿಗೆ ಹೊಸತಲ್ಲ. ಆಗ ಕ್ಯಾಪಿನಲ್ಲೇ ರಂಧ್ರ ಕೊರೆದು ಮತ್ತೆ ಚಿಕಿತ್ಸೆ ಮಾಡಬಹುದು. ಬೇರು ಉದ್ದಕ್ಕೆ ಸೀಳಿದ್ದರೆ ಮಾತ್ರ ಹೆಚ್ಚಾಗಿ ಹಲ್ಲು ಕೀಳಿಸದೆ ದಾರಿಯಿಲ್ಲ.

ಹೊಟೇಲು, ಕ್ಯಾಂಟೀನುಗಳಲ್ಲಿ ದುಡಿಯುವವರು ರಜೆ ಸಿಗದೆ ನೋವಿನ ಮಾತ್ರೆಯಲ್ಲೇ ಮುಂದಿನ ಮೇ ತನಕ ದೂಡುವುದುಂಟು. ಮಾತ್ರೆಗೆ ನೋವು ಇಳಿದರೂ ಬೇರಿನ ಬುಡದ ಕೀವು ಅಲ್ಲೇ ಬೆಳೆಯುತ್ತಿರಬಹುದು. ಮುಖ ಊದಿ ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು ಕಷ್ಟವಾದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಖಾಸಗಿ ದವಾಖಾನೆಯ ಖರ್ಚಿಗೆ ಅಂಜುವವರಿಗೆ ಮುಂಬಯಿ ಸೆಂಟ್ರಲ್‌ನ ನಾಯರ್ ದಂತ ಆಸ್ಪತ್ರೆ, ಸಿಎಸ್‌ಎಂಟಿ ಬಳಿ ಸೈಂಟ್ ಜಾರ್ಜ್ ಆಸ್ಪತ್ರೆಯ ಆವರಣದ ಸರಕಾರಿ ದಂತ ಕಾಲೇಜು ಇವೆ. ಸಾಲಿನಲ್ಲಿ ನಿಲ್ಲಬೇಕು ನಿಜ, ಆದರೆ ಚಿಕಿತ್ಸೆ ಸೋವಿ. ಊರಿನಲ್ಲಿ ತೆಗೆಸಿದ ಎಕ್ಸ್‌ರೇ, ಚೀಟಿಗಳನ್ನು ಜತೆಗೆ ಒಯ್ದರೆ ಇಲ್ಲಿನ ಡಾಕ್ಟರರಿಗೆ ಹುಡುಕಾಟ ಕಡಿಮೆ. ಊರಲ್ಲೇ ಬಿಟ್ಟು ಬಂದವರು ಫೋನು ಮಾಡಿ ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಬಹುದು.